ಗಡಿಗಿಯಂಗ ಕಂಡ ಸಿಲಿಂಡರ್

ನೆಹರು ಗಂಜ್ ಬಜಾರದಾಗ ಒಂದು ತೊಗರಿಬ್ಯಾಳಿ ಅಂಗಡಿ ಮ್ಯಾಲಿನ ಖೋಲಿಯೊಳಗ ನಾನು ಡಿಸೈನ್ ಕೆಲಸ ಮಾಡ್ತೀನಿ. ಫ್ಲೆಕ್ಸು, ಲಗ್ನಪತ್ರಿಕಿ, ಮಿಠಾಯಿ ಡಬ್ಬಿ, ಚುನಾವಣಿ ಬಂದ್ರ ಪಾಂಪ್ಲೆಟ್ಟು. ಈ ಕೆಲಸದಾಗ ನನಗ ಸೊಕ್ಕಿಲ್ಲ ಅಂದ್ರ ನಮ್ಮ ಮನ್ಯಾವರೇ ನಗ್ತಾರ. ಗಿರಾಕಿ ಬಂದು "ಮೇಡಂ, ಫೋಟೋ ದೊಡ್ಡದು ಮಾಡ್ರಿ, ಹಿಂದ ಸೂರ್ಯ ಹಾಕ್ರಿ, ಮ್ಯಾಲ ಹೂವಿನ ಮಳಿ ಸುರಸ್ರಿ" ಅಂತಾರ. ಮಾಡಿಕೊಡ್ತೀನಿ, ಮನಸ್ಸಿನಾಗ ಬೈತೀನಿ. ಒಂದೇ ಒಂದು ಸಲ ನನ್ನ ಮನಸ್ಸಿಗಿ ಬಂದಂಗ ಒಂದು ಗುರುತು ಮಾಡಬೇಕಂತ ಭಾಳ ದಿನದ ಆಸಿ ಇತ್ತು.

ಆ ಆಸಿಗಿ ನಮ್ಮ ಚಿಗವ್ವ ಸಿಕ್ಕಳು. ನಮ್ಮವ್ವನ ತಂಗಿ, ಮಹಾಗಾಂವದ ಕಡೆ ಒಂದು ಹಳ್ಳಿಯಾಗ ಇರ್ತಾಳ. ಗ್ರಾಮ ಪಂಚಾಯ್ತಿಗಿ ನಿಂತಿದ್ದಳು. ಅದೂ ಹೆಣ್ಮಕ್ಕಳ ಮೀಸಲು ಸೀಟಿಗಲ್ಲ, ಸಾಮಾನ್ಯ ಸೀಟಿಗಿ, ಒಬ್ಬ ಗಂಡಸಿನ ಎದುರು. ಅವರ ಓಣಿಯಾಗ ಹಿಂದ ಯಾವ ಹೆಣ್ಮಗಳೂ ಹಂಗ ನಿಂತಿದ್ದಿಲ್ಲ. "ಮೀಸಲಾತಿ ಬಂದಾಗ ನಿಲ್ಲುವಂತಿ, ಈಗ್ಯಾಕ ಇಲ್ಲದ ಉಸಾಬರಿ" ಅಂತ ಹಿರೇರು ಹೇಳಿ ನೋಡಿದ್ರು. ಪಾಂಪ್ಲೆಟ್ಟು ಮಾಡಿಕೊಡು ಅಂತ ಚಿಗವ್ವ ನನಗ ಫೋನ್ ಮಾಡಿದಳು.

"ನಾ ಸೋತ್ರ ನನ್ನೊಬ್ಬಾಕಿಗೇ ಮುಗಿಯಂಗಿಲ್ಲವ್ವ. ಹೆಣ್ಮಕ್ಕಳು ನಿಂತ್ರ ಹಿಂಗೇ ಆಗ್ತದ ಅಂತ ಇವರು ಇನ್ನ ಇಪ್ಪತ್ತು ವರ್ಷ ಹೇಳ್ತಾರ. ನನಗ ಗೆಲ್ಲಲೇಬೇಕಾಗ್ಯದ."

ಪಂಚಾಯ್ತಿ ಚುನಾವಣಿಯಾಗ ಪಕ್ಷದ ಗುರುತು ಇರಂಗಿಲ್ಲ. ಅಧಿಕಾರಿಗಳು ತಮ್ಮ ಪಟ್ಟಿಯೊಳಗಿನ ಒಂದು ಚಿತ್ರ ಕೊಡ್ತಾರ, ಜನ ಅದನ್ನ ನೆಪ್ಪಿಟ್ಟುಕೊಂಡು ವೋಟಿನ ಚೀಟಿಯಾಗ ಅದರ ಮುಂದ ಶಿಕ್ಕಾ ಒತ್ತತಾರ. ಚಿಗವ್ವಗ ಗ್ಯಾಸ್ ಸಿಲಿಂಡರ್ ಬಂತು. ಎದುರಿನವಗ ಮಡಕಿ, ಅಂದ್ರ ನಮ್ಮ ಕಡಿ ಗಡಿಗಿ.

ಎರಡು ದಿನ ಬ್ಯಾರೆ ಕೆಲಸ ಮುಟ್ಟಲಿಲ್ಲ. ಒಂದು ಗೆರಿನೂ ಹೆಚ್ಚಿಗಿ ಇರಬಾರದು ಅಂತ ಹಟಕ್ಕ ಬಿದ್ದೆ. ಸಿಲಿಂಡರಿನ ಮ್ಯಾಲಿನ ಕಬ್ಬಿಣದ ಬಳಿ ಅಳಿಸಿದೆ, ಕೆಳಗಿನ ಬಳಿ ಅಳಿಸಿದೆ, ಮೈಮ್ಯಾಲಿನ ಅಕ್ಷರ ಅಳಿಸಿದೆ. ಕಡೀಕ ಒಂದು ದುಂಡನ ಹೊಟ್ಟಿ, ಒಂದು ಗಿಡ್ಡ ಕುತ್ತಿಗಿ, ತುಂಬ ಕೆಂಪು ಬಣ್ಣ ಉಳೀತು. ನೋಡಿ ನೋಡಿ ನನಗೇ ದೃಷ್ಟಿ ತಗೀಬೇಕು ಅನಿಸ್ತು. ಕಪನೂರಿನ ಕಡೆ ಒಂದು ಪ್ರೆಸ್ಸಿನಾಗ ಛಾಪಿಸಿ ಟೆಂಪೋದಾಗ ಊರಿಗಿ ಕಳಿಸಿದೆ.

ಮೂರು ದಿನ ಬಿಟ್ಟು, ನನ್ನ ಕೈಚಳಕ ಕಣ್ಣಾರೆ ನೋಡಬೇಕಂತ ನಾನೇ ಬಸ್ ಹತ್ತಿ ಹೋದೆ. ಚಿಗವ್ವನ ಜೋಡಿ ಮನಿ ಮನಿ ತಿರಗ್ಲಾಕ ಹತ್ತಿದೆ. ಮೊದಲನೇ ಮನಿ ಆಯಿ ಪಾಂಪ್ಲೆಟ್ಟು ಕಣ್ಣಿಗೊತ್ತಿಕೊಂಡು "ಆತು ತಾಯಿ, ಗಡಿಗಿಗೇ ಹಾಕ್ತೀನಿ" ಅಂದಳು. ಪಾಪ, ವಯಸ್ಸಾಗ್ಯದ ಅಂದುಕೊಂಡೆ. ಎರಡನೇ ಮನಿಯಾಕಿ "ಗಡಿಗಿ ಭಾಳ ಛಂದ ತೆಗ್ದಾರ್ರಿ" ಅಂದಳು. ನಾ ಪಾಂಪ್ಲೆಟ್ಟು ಇಸಕೊಂಡು ಮತ್ತೊಮ್ಮೆ ನೋಡಿದೆ. ಊರಬಾಗಲ ಅಗಸಿ ಹತ್ತಿರ ಎದುರಿನವನ ತಮ್ಮ ಸಿಕ್ಕ. ಎರಡೂ ಕೈ ಮುಗದು ಚಿಗವ್ವಗ ಕೇಳಿದ, "ಅಕ್ಕಾರ, ಇನ್ನೊಂದು ನೂರು ಪಾಂಪ್ಲೆಟ್ಟು ಇದ್ರ ಕೊಡ್ರಿ, ನಾವೇ ಹಂಚ್ತೀವಿ."

ಭೂಮಿ ಬಾಯಿ ಬಿಡಬಾರದೇನು ಅನಿಸ್ತು ನನಗ. ಚಿಗವ್ವ ಬೈದಿದ್ರ ತಡಕೋತಿದ್ದೆ. ಆಕಿ ಕಟ್ಟಿ ಮ್ಯಾಲ ಕುಂತು ಹೊಟ್ಟಿ ಹಿಡಕೊಂಡು ನಗ್ಲಾಕ ಹತ್ತಿದಳು. "ಗಣಪ್ಪನ ಮಾಡ್ಲಾಕ ಹೋಗಿ ಅವರಪ್ಪನ ಮಾಡಿಟ್ಟೀದಿ ನೋಡು" ಅಂದಳು. ಆಮ್ಯಾಲ ಸೆರಗಿನಿಂದ ಕಣ್ಣೊರಸಿಕೊಂಡು, "ವೋಟಿಗಿ ಇನ್ನ ಐದು ದಿನ ಉಳದಾವ. ಈಗೇನು ಮಾಡ್ತಿ ಹೇಳು" ಅಂದಾಗ ಆಕಿ ದನಿಯಾಗ ನಗು ಇದ್ದಿಲ್ಲ.

ನಾ ಸುಮ್ನಿರಬೇಕಿತ್ತು. "ಈಗಿನ ಡಿಸೈನ್ ಹಿಂಗೇ ಇರ್ತಾವ, ಇವರಿಗಿ ತಿಳಿವಲ್ದು" ಅಂದೆ. ಚಿಗವ್ವನ ಜೋಡಿ ತೊಗರಿ ಹೊಲಕ್ಕ ಕೂಲಿಗಿ ಹೋಗೋ ಬಾಜೂ ಮನಿಯಾಕಿ ಅಲ್ಲೇ ನಿಂತಿದ್ದಳು. ಸಾಲಿ ಮುಖ ನೋಡಿದಾಕಿ ಅಲ್ಲ.

"ನಿಮ್ಮ ಮನ್ಯಾಗ ಸಿಲಿಂಡರ್ ಎತ್ತಿ ಒಳಗ ಇಡಾವರು ಯಾರು?" ಅಂತ ನನಗ ಕೇಳಿದಳು.

"ತಂದುಕೊಡಾವರೇ ಇಟ್ಟು ಹೋಗ್ತಾರ."

"ಅದಕ್ಕೇ ಹಿಂಗಾಗ್ಯದ. ನಾವು ಎತ್ತತೀವಿ. ಕೈ ಎಲ್ಲಿ ಹಿಡೀಬೇಕಂತ ಎತ್ತಿದವರಿಗಿ ಗೊತ್ತಿರ್ತದ."

ಒಳಗಿಂದ ರಂಗೋಲಿ ಡಬ್ಬಿ ತಂದು ಅಂಗಳದಾಗ ಕುಕ್ಕರಗಾಲಿಲೆ ಕುಂತಳು. ಮೊದಲು ತೆಗೆದದ್ದು ನಾನು ಅಳಿಸಿ ಒಗೆದಿದ್ದ ಮ್ಯಾಲಿನ ಬಳಿ, ಕೈ ತೂರಿಸೋ ಸಂದಿ ಸಮೇತ. ಆಮ್ಯಾಲ ಹೆಗಲು, ಹೊಟ್ಟಿ, ಕೆಳಗಿನ ಬಳಿ. ಅಷ್ಟಕ್ಕ ಬಿಡಲಿಲ್ಲ. ಒಂದು ಪೈಪ್ ಎಳದು, ಒಲಿ ತಗದು, ಒಲಿ ಮ್ಯಾಲ ಉಬ್ಬಿದ ಒಂದು ರೊಟ್ಟಿ ಇಟ್ಟಳು. "ಗಡಿಗಿಗಿ ಪೈಪ್ ಇರ್ತದೇನ?" ಅಂದಳು.

ಮೊಬೈಲಿನಾಗ ಫೋಟೋ ಹೊಡಕೊಂಡು ಅವತ್ತೇ ಗಂಜಿನ ನನ್ನ ಖೋಲಿಗಿ ಬಂದೆ. ಒಲಿ ಸೊಟ್ಟಗಿತ್ತು, ರೊಟ್ಟಿ ಸಿಲಿಂಡರಿನಷ್ಟೇ ದೊಡ್ಡದಿತ್ತು. ತಿದ್ದಬೇಕಂತ ಕೈ ತುರಸ್ತು ಖರೆ, ಒಂದು ಗೆರಿನೂ ಮುಟ್ಟಲಿಲ್ಲ. ಮರುದಿನ ಹೊಸಾ ಪಾಂಪ್ಲೆಟ್ಟು ಊರು ಮುಟ್ಟಿತು. ಓಣಿ ಹೆಣ್ಮಕ್ಕಳು ಪ್ರಚಾರ ಮುಗಿಯೋ ತನಕ ಮುಂಜಾನೆದ್ದು ತಂತಮ್ಮ ಅಂಗಳದಾಗ ಅದನ್ನೇ ರಂಗೋಲಿ ಹಾಕಿದ್ರಂತ. ಒಬ್ಬಾಕಿ ರೊಟ್ಟಿ ಬದಲಿ ಹೋಳಿಗಿ ಮಾಡಿ ಅರಿಶಿಣ ಉದರಿಸಿದ್ದಳು. ಎದುರಿನವನ ತಮ್ಮ ಮತ್ತ ಪಾಂಪ್ಲೆಟ್ಟು ಕೇಳ್ಲಾಕ ಬರಲಿಲ್ಲ.

ವೋಟಿನ ಎಣಿಕಿ ಕಮಲಾಪುರದಾಗ ಇತ್ತು. ಚಿಗವ್ವ ಒಳಗ, ನಾವೆಲ್ಲ ಹೊರಗ ಬಿಸಿಲಾಗ. ಕೆಂಪು ಬಾಳಿಹಣ್ಣು ತಗೊಂಡು ಸುಲದೆ, ಬಾಯಿಗಿ ಹಾಕ್ಕೊಳ್ಳಾಕ ಆಗಲಿಲ್ಲ, ಕೈಯಾಗೇ ಮೆತ್ತಗಾತು. ಸೋತ್ರ ನನ್ನಿಂದೇ ಸೋತಂಗ, ಆ ಮೊದಲಿನ ಪಾಂಪ್ಲೆಟ್ಟು ಎಷ್ಟು ಮನಿ ಮುಟ್ಟಿತ್ತೋ ಏನೋ. ಮಧ್ಯಾಹ್ನ ಚಿಗವ್ವ ಹೊರಗ ಬಂದಳು. ಹದಿನಾಲ್ಕು ವೋಟಿನಿಂದ ಗೆದ್ದಿದ್ದಳು. ಬಾಗಲದಾಗೇ ನಿಂತು ಅತ್ತಳು, ನಾನೂ ಅತ್ತೆ. ಹಂಗ ಖುಷಿಯಾಗಿ ನಾ ಹಿಂದೆಂದೂ ಅತ್ತದ್ದು ನನಗ ನೆಪ್ಪಿಲ್ಲ.

ಬಾಜೂ ಮನಿಯಾಕಿ ಬಂದು ನನ್ನ ಗಲ್ಲಕ್ಕ ಗುಲಾಲ್ ತಿಕ್ಕಿದಳು.

"ಮುಂದಿನ ಸಲ ನಾ ನಿಲ್ತೀನಿ" ಅಂದಳು. "ಚಿತ್ರ ನಾನೇ ತೆಗಿತೀನಿ. ನೀ ಬರೇ ಛಾಪ್ಸು."