ಕಪ್ಪೆಕಾಲಿನ ಪಟ್ಟಿ

ನನ್ನ ಮಗಳು ತಲೆಯ ಬದಲು ಕುಂಡೆ ಮುಂದು ಮಾಡಿ ಹುಟ್ಟಿದಳು. ಮೊದಲ ದಿನವೇ ಜಗತ್ತಿಗೆ ಬೆನ್ನು ತೋರಿಸಿದ್ದನ್ನು ಕಂಡು, ಇವಳು ನನ್ನ ಗಂಡನ ಮನೆತನದವಳೇ ಎಂದು ನನಗೆ ಖಾತ್ರಿಯಾಯಿತು.

ಆಗ ನಾವು ನಾಸಿಕದಲ್ಲಿದ್ದೆವು. ಗಂಡ ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರ್. ಬಾಣಂತನಕ್ಕೆ ವಿಜಾಪುರದಿಂದ ಅತ್ತೆ ಬಂದಿದ್ದರು. ದಿನಾ ಕೂಸಿಗೆ ಎಣ್ಣೆ ತಿಕ್ಕಿ, ಎರೆದು, ಹೊಗೆ ಹಾಕಿ, ಎರಡೂ ಕಾಲು ಜೋಡಿಸಿ ಹಳೇ ಸೀರೆಯಲ್ಲಿ ಬಿಗಿಯಾಗಿ ಸುತ್ತುತ್ತಿದ್ದರು.

"ಹಿಂಗ ಕಟ್ಟಿದ್ರನ ಕಾಲು ನೆಟ್ಟಗಾಗ್ತಾವ" ಎನ್ನುತ್ತಿದ್ದರು. ಕಟ್ಟು ಮುಗಿದಾಗ ಮಗು ಅಂಚೆಗೆ ಹಾಕಲು ತಯಾರಾದ ಪಾರ್ಸೆಲ್ಲಿನಂತೆ ಕಾಣುತ್ತಿತ್ತು. ವಿಳಾಸ ಬರೆಯುವುದೊಂದೇ ಬಾಕಿ.

ಒಂದೂವರೆ ತಿಂಗಳ ಲಸಿಕೆಗೆ ಹೋದಾಗ ಮಕ್ಕಳ ಡಾಕ್ಟರಮ್ಮ ಮೊದಲು ಆ ಪಾರ್ಸೆಲ್ ಬಿಚ್ಚಿಸಿದರು. ಮೊಣಕಾಲು ಮಡಚಿ, ತೊಡೆಗಳನ್ನು ಮೆಲ್ಲಗೆ ಹೊರಕ್ಕೆ ಅಗಲಿಸಿದರು. ಎಡಗಡೆ ಅವರ ಕೈಗೆ ಏನೋ ಟಕ್ಕೆಂದು ಜಾರಿದಂತಾಯಿತಂತೆ. ತೊಡೆಮೂಳೆಯ ಗುಂಡು ತನ್ನ ಗುಳಿಯಲ್ಲಿ ಸರಿಯಾಗಿ ಕೂತಿಲ್ಲ, ಕಾಲು ಕಟ್ಟುವುದನ್ನು ಇವತ್ತೇ ನಿಲ್ಲಿಸಿ ಎಂದು ಹೇಳಿ, ಔರಂಗಾಬಾದಿನ, ಅಂದರೆ ಈಗಿನ ಸಂಭಾಜಿನಗರದ, ಮಕ್ಕಳ ಎಲುಬಿನ ಡಾಕ್ಟರರ ಕಡೆ ಕಳಿಸಿದರು. ಬಸ್ಸು ನಡುದಾರಿಯ ವೈಜಾಪುರ ದಾಟುವವರೆಗೂ ಅತ್ತೆ ಆ ಡಾಕ್ಟರಮ್ಮನ ಜನ್ಮ ಜಾಲಾಡಿದರು. "ನಾ ನಾಕು ಹಡದೀನಿ. ಆಕಿ ಎಷ್ಟು ಹಡದಾಳ?"

ಅಲ್ಲಿ ಸೊಂಟದ ಸ್ಕ್ಯಾನ್ ಮಾಡಿ ನೋಡಿದರು. ಡಾಕ್ಟರಮ್ಮನ ಮಾತು ಖರೆಯೇ ಇತ್ತು. ಡಾಕ್ಟರರು ಹಿಂದಿಯಲ್ಲಿ, ಮನೆಯಲ್ಲಿ ಯಾರಿಗಾದರೂ ಹುಟ್ಟಿನಿಂದ ಕಾಲಿನ ತೊಂದರೆ ಇದೆಯೇ ಎಂದು ಕೇಳಿದರು.

"ಯಾರಿಗೂ ಇಲ್ಲ" ಎಂದ ನನ್ನ ಗಂಡ.

ವಿಮಾನದ ಬಿಡಿಭಾಗದಲ್ಲಿ ಕೂದಲೆಳೆಯಷ್ಟು ಓರೆಯನ್ನೂ ಹಿಡಿಯುವ ಮಹಾಶಯ! ಆಗಷ್ಟೇ ಕುಂಟುತ್ತ ಒಳಗೆ ಬಂದ ಅವನ ಹಡೆದ ತಾಯಿ ಪಕ್ಕದಲ್ಲೇ ನಿಂತಿದ್ದರು. ಡಾಕ್ಟರರು ಅವರನ್ನೇ ನೋಡುತ್ತಿದ್ದುದು ಕಂಡು, "ಅದು ಸಣ್ಣವರಿದ್ದಾಗ ಬಾವಿಕಟ್ಟೆ ಮೇಲಿಂದ ಬಿದ್ದು ಆದದ್ದು" ಎಂದ. ನಮ್ಮ ಮನೆಯಲ್ಲಿ ಆ ಬಾವಿಕಟ್ಟೆಗೆ ದೇವರಕಟ್ಟೆಯ ಮರ್ಯಾದೆ. ಅದನ್ನು ಯಾರೂ ಪ್ರಶ್ನೆ ಮಾಡುವಂತಿರಲಿಲ್ಲ.

ಡಾಕ್ಟರರು ಮುಂದಿನದನ್ನು ಹೇಳಿದರು. ಈಗ ಪಟ್ಟಿ ಕಟ್ಟಿ ನೋಡೋಣ. ಎಲುಬು ಕೂರದಿದ್ದರೆ ಆಪರೇಷನ್, ಸೊಂಟದಿಂದ ಪಾದದವರೆಗೆ ಪ್ಲಾಸ್ಟರ್. ಹಾಗೇ ಬಿಟ್ಟರೆ ಹುಡುಗಿ ಜನ್ಮಪೂರ್ತಿ ಕುಂಟುತ್ತಾಳೆ. ಆ ಕೊನೆಯ ಮಾತು ತಿಳಿಯುವಷ್ಟು ಹಿಂದಿ ಅತ್ತೆಗೆ ಬರುತ್ತಿತ್ತು.

"ನಾ ಬಿದ್ದಿಲ್ಲರಿ" ಎಂದರು. "ನಡಿಯಾಕ ಕಲ್ತಾಗಿಂದ ಹಿಂಗ ಅದೀನಿ. ಹುಟ್ಟಾ ಕುಂಟಿ ಅಂದ್ರ ಯಾರೂ ಲಗ್ನ ಮಾಡ್ಕೊಳ್ಳಂಗಿಲ್ಲಂತ ನಮ್ಮವ್ವ ಬಿದ್ದಾಳ ಅಂತ ಹೇಳಿದ್ಲು."

ಗಂಡ ತಾಯಿಯ ಕಾಲನ್ನು ಮೊದಲ ಸಲ ಕಾಣುವವನಂತೆ ನೋಡಿದ. ನನಗೆ ಮೊದಲು ಬಂದದ್ದು ಸಿಟ್ಟು, ಆಮೇಲೆ ಅಳು.

ಮಗುವಿನ ಎದೆಗೆ, ಹೆಗಲಿಗೆ, ಪಾದಕ್ಕೆ ಪಟ್ಟಿಯ ಬೆಲ್ಟುಗಳು ಬಂದವು. ಮಗು ಹಗಲೂ ರಾತ್ರಿ ಕಪ್ಪೆಯಂತೆ ಕಾಲು ಮಡಚಿ ಅಗಲಿಸಿಯೇ ಇರಬೇಕು. ನಾಸಿಕದ ನಮ್ಮ ಕಾಲೊನಿಯ ಕನ್ನಡದ ಹೆಣ್ಣುಮಕ್ಕಳು, ಪುಣ್ಯವಂತೆಯರು, ಮಗುವಿಗಿಂತ ಹೆಚ್ಚು ಒದ್ದಾಡಿದರು. "ಹೆಣ್ಣುಕೂಸು, ಹಿಂಗ ಕಾಲು ಅಗಲಿಸಿ ಮಲಗಸ್ತಾರೇನ್ರಿ?" ತಡವಾಗಿ ಮಾಡಿದ ತೊಟ್ಟಿಲ ಶಾಸ್ತ್ರದಲ್ಲಿ ಒಬ್ಬಾಕೆ ಬೆಲ್ಟಿಗೆ ಕೈಯನ್ನೇ ಹಾಕಿದರು. "ಒಂದು ಗಳಿಗಿ ಬಿಚ್ಚರಿ, ಫೋಟೋದಾಗ ಚಂದ ಕಾಣಂಗಿಲ್ಲ."

ಅತ್ತೆ ಆ ಕೈ ಸರಿಸಿದರು. "ಚಂದ ಕಾಣಾಕ ಇದೇನು ಕನ್ಯಾ ತೋರ್ಸೋ ಕಾರ್ಯಕ್ರಮೇನ್ರಿ? ಪೇಡೆ ತಿನ್ರಿ, ಮನಿಗೆ ನಡೀರಿ."

ಅವತ್ತಿನಿಂದ ಪಟ್ಟಿಗೆ ಅತ್ತೆಯದೇ ಕಾವಲು. ಸ್ನಾನ ಬಂದ್. ಒದ್ದೆ ಬಟ್ಟೆಯಲ್ಲಿ ಒರೆಸುವುದಷ್ಟೇ. ವಿಮಾನದ ಎಂಜಿನಿಯರ್ ಸಾಹೇಬರಿಗೆ ಬಕಲ್ ಮುಟ್ಟಲು ಪರವಾನಗಿ ಇರಲಿಲ್ಲ.

ಕೆಲವು ತಿಂಗಳ ನಂತರದ ಸ್ಕ್ಯಾನಿನಲ್ಲಿ ಎಲುಬು ಗುಳಿಯೊಳಗೆ ಕೂತಿತ್ತು. ಇನ್ನು ಪಟ್ಟಿ ಬೇಡ, ಬೆಳೆಯುವವರೆಗೆ ಆಗಾಗ ಎಕ್ಸ್‌ರೇ ಸಾಕು ಎಂದರು ಡಾಕ್ಟರರು. ಗಂಡ ಕಣ್ಣೊರೆಸಿಕೊಂಡ. ನಾನು ಮಗುವಿನ ಕಾಲಿಗೆ ಮುದ್ದಿಟ್ಟೆ. ಅತ್ತೆ ಮಾತ್ರ ಬಿಚ್ಚಿದ ಬೆಲ್ಟುಗಳನ್ನು ಕೈಯಲ್ಲಿ ಹಿಡಿದು ನನ್ನ ಕಡೆ ಬಾಗಿದರು.

"ಇಂಥಾದ್ದು ದೊಡ್ಡದು ಇರತೈತೇನು, ಕೇಳ ಸ್ವಲ್ಪ. ನನಗ ಆಗೂವಂಥಾದ್ದು."

ಕೇಳಿದೆ. ಡಾಕ್ಟರರು ನಗಲಿಲ್ಲ. ಪಟ್ಟಿಯ ಕಾಲ ಹುಟ್ಟಿದ ಕೆಲವು ತಿಂಗಳಿಗೇ ಮುಗಿದುಹೋಗುತ್ತದೆ ಎಂದರು.

"ಇರ್ಲಿ ಬಿಡು" ಎಂದರು ಅತ್ತೆ. "ಸುಮ್ನ ಕೇಳಿದೆ."