ಕೊಡ ಹೊತ್ತವಳು ಹೊರಟದ್ದೆಲ್ಲಿಗೆ

ಮನೆಗೆ ಬಣ್ಣ ಹೊಡೆಸುವುದೆಂದರೆ ಅರ್ಧ ಸಂಸಾರವನ್ನು ಬೀದಿಗೆ ಹಾಕಿದ ಹಾಗೆ. ಮುಂಬಯಿಯ ದಹಿಸರ್‌ನ ನಮ್ಮ ಫ್ಲ್ಯಾಟಿನಲ್ಲಿ ಮೊನ್ನೆಯಿಂದ ಅದೇ ನಡೆದಿದೆ. ಮಿಕ್ಸರ್ ಮಂಚದ ಮೇಲೆ, ದಿಂಬುಗಳು ಅಡುಗೆಮನೆಯಲ್ಲಿ, ನಮ್ಮ ಯಜಮಾನರು ಪೇಪರ್ ಹಿಡಿದುಕೊಂಡು ಬಾಲ್ಕನಿಯಲ್ಲಿ. ಹಾಲಿನ ಗೋಡೆಯ ದೊಡ್ಡ ಚಿತ್ರವನ್ನು ಪೇಂಟರ್ ಕೈಗೆ ಕೊಡಲು ಧೈರ್ಯ ಸಾಲದೆ ನಾನೇ ಇಳಿಸಿದೆ. ಧೂಳು ಒರೆಸೋಣವೆಂದು ಒದ್ದೆ ಬಟ್ಟೆ ಆಡಿಸಿದ್ದೇ ತಡ, ಮರದ ಚೌಕಟ್ಟಿನಿಂದ ಇಂಗಿನ ಒಗ್ಗರಣೆಯ ವಾಸನೆ ಬಂತು. ನೀವು ನಂಬುತ್ತೀರೋ ಬಿಡುತ್ತೀರೋ, ನನ್ನ ಮಗಳು ಹಲ್ಲು ಮೂಡುವ ಮಗುವಾಗಿದ್ದ ಕಾಲದ ಸಾಂಬಾರಿನ ವಾಸನೆ ಅದು. ಮರ ಅದನ್ನು ಹಾಗೇ ಹಿಡಿದಿಟ್ಟುಕೊಂಡಿದೆ.

ಆ ಹಲ್ಲು ಮೂಡುತ್ತಿದ್ದವಳು ಈಗ ಗೋರೆಗಾಂವ್‌ನ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದಾಳೆ. ನಿನ್ನೆ ಬೆಳಿಗ್ಗೆ ಹೊರಡುವ ಗಡಿಬಿಡಿಯಲ್ಲೇ, ಮೊದಲ ಕೋಟ್ ಬಣ್ಣ ಬಿದ್ದ ಖಾಲಿ ಗೋಡೆ ನೋಡಿ, "ಅಮ್ಮಾ, ಇದು ವಾಪಸ್ ಹಾಕ್ಲೇಬೇಕಾ? ವೈಟ್ ವಾಲ್ ಎಷ್ಟು ಮಸ್ತ್ ಕಾಣ್ತದೆ, ನೋಡು ನಾ," ಎಂದಳು.  ಚಿತ್ರವನ್ನು ಹಳೆಯ ಸೀರೆಯಲ್ಲಿ ಸುತ್ತಿ ಕಪಾಟಿನ ಹಿಂದೆ ನಿಲ್ಲಿಸಿದೆ. ಅವಳು ಹೇಳಿದ್ದೂ ಸುಳ್ಳಲ್ಲ, ಬಿಳಿ ಗೋಡೆ ಚೆನ್ನಾಗಿಯೇ ಕಾಣುತ್ತಿತ್ತು.

ಚಿತ್ರ ಎಂಥದ್ದು ಅಂತ ಹೇಳಲೇ ಇಲ್ಲ ಅಲ್ಲವೇ? ವಿಶೇಷವೇನೂ ಇಲ್ಲ, ಇಂಥವನ್ನು ನೀವು ನೂರು ಕಡೆ ನೋಡಿರುತ್ತೀರಿ. ಒಂದು ಹಂಚಿನ ಮನೆ, ಹಿಂದೆ ತೆಂಗಿನ ಮರಗಳು, ಆಚೆ ಹಸಿರು ಗದ್ದೆ. ಅಂಗಳದ ಪಕ್ಕ ಬಾವಿ, ಬಾವಿಯ ಪಕ್ಕ ದನ. ಅಂಗಳದಿಂದ ಒಂದು ಕಾಲುದಾರಿ ಇಳಿದು ಚಿತ್ರದ ಕೆಳಗಿನ ಮೂಲೆಗೆ ಬರುತ್ತದೆ. ವಡಾಲದಲ್ಲಿ ನಮ್ಮವರು ಮ್ಯಾನೇಜರ್ ಆಗಿದ್ದ ಹೋಟೆಲಿನ ಗೋಡೆಯಲ್ಲಿ ಅದು ಇತ್ತು. ಗಿರಾಕಿಗಳಿಗೆ ಊರು ನೆನಪಾಗಲಿ ಎಂದು ಧಣಿಗಳು, ಸಿನಿಮಾ ಸೆಟ್ಟಿಗೆ ಪರದೆ ಬರೆಯುವ ಒಬ್ಬ ಮರಾಠಿ ಪೇಂಟರಿನಿಂದ ಬರೆಸಿದ್ದರಂತೆ. ಆ ಪುಣ್ಯಾತ್ಮ ನಮ್ಮ ಕಡೆ ಕಾಲಿಟ್ಟವನೇ ಅಲ್ಲ. ಧಣಿಗಳು ಗಲ್ಲಾದಲ್ಲಿ ಕೂತು ಹೇಳುತ್ತಾ ಹೋದರು, ಅವನು ಬರೆಯುತ್ತಾ ಹೋದ.

ಬರೆಸಿದ್ದು ಫಲಿಸಿತು, ಸ್ವಲ್ಪ ಹೆಚ್ಚೇ ಫಲಿಸಿತು! ಬಂಟ್ವಾಳದವರು ಬಂದು ಇದು ನಮ್ಮ ಹೊಳೆಬದಿ ಎಂದರು. ಕುಂದಾಪುರದವರು ತಮ್ಮ ದೊಡ್ಡಪ್ಪನ ಮನೆ ಎಂದರು. ಬಿಲ್ಡಿಂಗ್ ಕೆಲಸಕ್ಕೆ ಬಂದ ವಿಜಯಪುರದ ಕಡೆಯವರೊಬ್ಬರು, ತೆಂಗಿನ ಮರ ಕಣ್ಣೆದುರೇ ಇದ್ದರೂ, "ಈ ಆಕಳಾ ನಮ್ಮದ ಐತ್ರಿ, ಕೋಡ ನೋಡ್ರಿ ಬೇಕಾದ್ರ," ಎಂದು ಪಟ್ಟು ಹಿಡಿದರಂತೆ. ಕಷ್ಟವಾದದ್ದು ಧಣಿಗಳಿಗೆ. ಆ ಗೋಡೆಯ ಕೆಳಗೆ ಕೂತವರು ಏಳುತ್ತಲೇ ಇರಲಿಲ್ಲ. ಅರ್ಧ ಚಹಾ ತರಿಸಿಕೊಂಡು ಗದ್ದೆ ನೋಡುತ್ತಾ ಕೂತರೆ, ಊಟದ ಹೊತ್ತಿಗೆ ಬಂದ ಬೇರೆಯವರು ಬಾಗಿಲಲ್ಲೇ ನಿಲ್ಲಬೇಕು. ಕೊನೆಗೆ ಹೋಟೆಲಿಗೆ ಎಸಿ ಹಾಕಿಸುವ ನೆಪದಲ್ಲಿ ಧಣಿಗಳು ಆ ಊರನ್ನು ಗೋಡೆಯಿಂದ ಇಳಿಸಿದರು. ಬಿಸಾಡುವುದಕ್ಕೂ ಮನಸ್ಸು ಬರಲಿಲ್ಲ. "ನೀನು ಕೊಂಡೋಗು ಮಾರಾಯಾ," ಎಂದು ನಮ್ಮವರ ತಲೆಗೆ ಕಟ್ಟಿದರು.

ತಲೆಗೆ ಕಟ್ಟಿದರು ಎಂದರೆ ನಿಜವಾಗಿಯೂ ತಲೆಗೇ. ಟ್ಯಾಕ್ಸಿಯೊಳಗೆ ಹಿಡಿಸಲಿಲ್ಲವೆಂದು ತಲೆಯ ಮೇಲೆ ಹೊತ್ತುಕೊಂಡು ಬಂದರು. ಆಗ ನಾವಿದ್ದದ್ದು ವಡಾಲದ ಚಾಳಿನ ಒಂದೇ ಕೋಣೆಯಲ್ಲಿ. ನಾನು, ಇವರು, ಮಗಳು, ಮತ್ತು ಮಗು ನೋಡಿಕೊಳ್ಳಲೆಂದು ಊರಿನಿಂದ ಬಂದು ಇಲ್ಲೇ ಉಳಿದ ಅತ್ತೆ. ಇದ್ದ ನಾಲ್ಕು ಗೋಡೆಗಳಲ್ಲಿ ಒಂದು ಆ ಚಿತ್ರಕ್ಕೇ ಹೋಯಿತು. ನನಗೆ ಮೈಯೆಲ್ಲ ಉರಿದುಹೋಯಿತು. ಬಟ್ಟೆ ಹಾಕಲು ಗೂಟ ಹೊಡೆಯಬೇಕೆಂದಿದ್ದ ಗೋಡೆ ಅದು!

ನನ್ನ ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು. ನನಗೆ ಊರೆಂಬುದೇ ಇಲ್ಲ. ನಾನು ಹುಟ್ಟಿದ್ದು, ಓದಿದ್ದು, ಮದುವೆಯಾದದ್ದು ಎಲ್ಲ ವಡಾಲದಲ್ಲಿ. ಮುಂಬಯಿಯಲ್ಲಿ ಇಬ್ಬರು ಕನ್ನಡದವರು ಸಿಕ್ಕಿದರೆ ಮೊದಲ ಪ್ರಶ್ನೆ, ನಿಮಗೆ ಊರಲ್ಲಿ ಎಲ್ಲಿ ಅಂತ. ನಾನು ವಡಾಲ ಎಂದರೆ, "ಅದಲ್ಲ, ಊರು, ಊರು?" ಎಂದು ಮತ್ತೆ ಕೇಳುತ್ತಾರೆ. ಆಗ ಅಪ್ಪನ ಊರಿನ ಹೆಸರನ್ನು ಯಾರದ್ದೋ ಒಡವೆ ಎರವಲು ತೊಟ್ಟವಳಂತೆ ಸಂಕೋಚದಿಂದ ಹೇಳುತ್ತಿದ್ದೆ. ಹಂಚಿನ ಮನೆಯ ಚಿತ್ರ ಕಂಡು ಕಣ್ಣೊರೆಸಿಕೊಳ್ಳುವವರನ್ನು ಕಂಡರೆ ನಗು ಬರುತ್ತಿತ್ತು. ಅಲ್ಲಿ ಕರೆಂಟು ಹೋಗುತ್ತದೆ, ಜಿಗಣೆ ಕಚ್ಚುತ್ತದೆ, ಅದನ್ನು ಯಾರೂ ಯಾಕೆ ಬರೆಸುವುದಿಲ್ಲ ಎಂದು ಕೇಳುತ್ತಿದ್ದೆ.

ಅತ್ತೆಗೂ ಚಿತ್ರ ಹಿಡಿಸಲಿಲ್ಲ, ಆದರೆ ಅವರ ಕಾರಣ ಬೇರೆ. ಹೋಟೆಲಿನ ಹೊಗೆ ಮತ್ತು ಜಿಡ್ಡಿನಿಂದ ಅದು ಕಪ್ಪಾಗಿತ್ತು, ಕೆಳಗಿನ ಮೂಲೆಯಂತೂ ಬಾಣಲೆಯ ತಳದ ಹಾಗೆ. "ಎಂತ ಕೊಳೆ ಇದು! ಇದನ್ನು ತಿಕ್ಕದೆ ಮನೆಯಲ್ಲಿ ಇಡುದು ಹೇಗೆ?" ಎಂದರು. ಅವರಿಗೆ ತಿಕ್ಕುವುದೆಂದರೆ ಗೊತ್ತಿದ್ದದ್ದು ಒಂದೇ ವಿಧಾನ. ನಾನು ಮಾರ್ಕೆಟ್ಟಿಗೆ ಹೋಗಿ ಬರುವಷ್ಟರಲ್ಲಿ ದೀಪದ ಕಂಬ ಬೆಳಗುವ ಹಾಗೆ ಹುಣಸೆಹುಳಿ ಹಚ್ಚಿ, ತೆಂಗಿನ ನಾರಿನಲ್ಲಿ ಆ ಊರನ್ನು ಗಸಗಸ ತಿಕ್ಕುತ್ತಾ ಕೂತಿದ್ದರು. ನಾನು ಬೊಬ್ಬೆ ಹಾಕುವ ಹೊತ್ತಿಗೆ ದನದ ಬಾಲ ಹೋಗಿತ್ತು. ಆಕಾಶದಲ್ಲೂ ಒಂದು ಬೋಳು ಬಿದ್ದಿತ್ತು. ಇವತ್ತಿಗೂ ನಮ್ಮ ದನಕ್ಕೆ ಬಾಲ ಇಲ್ಲ.

ಆದರೆ ಬಾಲ ಹೋದ ಚಿತ್ರದಲ್ಲಿ ಒಬ್ಬಳು ಹೆಂಗಸು ಬಂದಳು. ಕೆಳಗಿನ ಮೂಲೆಯ ಮಸಿ ಹೋದಾಗ, ಕಾಲುದಾರಿಯ ಮೇಲೆ, ಸೊಂಟದಲ್ಲಿ ಕೊಡ ಇಟ್ಟುಕೊಂಡು ನಡೆದು ಬರುವವಳು ಕಾಣಿಸಿಕೊಂಡಳು. ಅಷ್ಟು ವರ್ಷ ಗಲ್ಲಾದಿಂದ ಎದುರಿಗೇ ಚಿತ್ರ ನೋಡಿದ್ದ ನಮ್ಮವರಿಗೂ ಅವಳು ಇರುವುದೇ ಗೊತ್ತಿರಲಿಲ್ಲ. ಕೆಂಪು ಸೀರೆ, ಕೊಡ ತಾಗುವಲ್ಲಿ ಸೀರೆ ಒದ್ದೆಯಾಗಿ ಗಾಢವಾಗಿದೆ, ಇನ್ನೊಂದು ಕೈಯನ್ನು ತೂಕ ಸರಿದೂಗಿಸಲು ದೂರಕ್ಕೆ ಚಾಚಿದ್ದಾಳೆ.

ಅತ್ತೆ ಕನ್ನಡಕ ಹಾಕಿಕೊಂಡು ಅವಳನ್ನು ನೋಡಿದರು. ನಾರನ್ನು ಕೆಳಗಿಟ್ಟರು.

"ಕೊಡ ತುಂಬಿದೆ," ಎಂದರು.

"ಬಾವಿಯಿಂದ ಬರುವಾಗ ತುಂಬಿಯೇ ಇರ್ತದಲ್ಲ ಅತ್ತೆ."

"ಅದಲ್ಲ ಮಾರಾಯ್ತಿ. ಮನೆ ಹಿಂದೆ ಉಂಟು. ಬಾವಿಯೂ ಹಿಂದೆ ಉಂಟು. ಇವಳು ಮನೆಗೆ ಬೆನ್ನು ಹಾಕಿ ತುಂಬಿದ ಕೊಡ ಹೊರಗೆ ಕೊಂಡೋಗುದಲ್ವಾ! ಹಾಗೆ ಯಾರಾದ್ರೂ ಕೊಂಡೋಗ್ತಾರಾ?"

ಅಲ್ಲಿಂದ ಶುರುವಾಯಿತು. ಪೇಂಟರಿಗೆ ನಮ್ಮ ಕಡೆಯ ವಿಷಯ ಏನು ಗೊತ್ತು, ಮುಖ ಕಾಣಲಿ ಅಂತ ಹಾಗೆ ಬರೆದಿದ್ದಾನೆ ಎಂದು ನಾನು ಎಷ್ಟು ಹೇಳಿದರೂ ಅತ್ತೆಗೆ ಸಮಾಧಾನವಿಲ್ಲ. ಗದ್ದೆಗೋ? ಗದ್ದೆಯಲ್ಲಿ ನೀರು ನಿಂತಿದೆ. ದನಕ್ಕೋ? ದನ ಬಾವಿಯ ಹತ್ತಿರವೇ ಇದೆ. ಮನೆಯವರ ಜೊತೆ ಜಗಳ ಮಾಡಿಕೊಂಡು ಹೊರಟಳೋ? ಹಾಗಾದರೆ ಕೊಡ ಯಾಕೆ? ಅಕ್ಕಿ ಆರಿಸುವಾಗ, ಮಗುವಿಗೆ ಎಣ್ಣೆ ಹಚ್ಚುವಾಗ, ಅವರ ಕಣ್ಣು ಆ ಮೂಲೆಯಲ್ಲೇ. ನನಗೋ ಆ ಹೆಂಗಸಿನ ಮೇಲೆ ಒಂಥರಾ ಹೊಟ್ಟೆಕಿಚ್ಚು. ಮನೆಯಲ್ಲಿ ಜೀವಂತ ಸೊಸೆ ಒಬ್ಬಳಿರುವಾಗ ಅತ್ತೆಗೆ ಚಿತ್ರದವಳ ಚಿಂತೆ.

ನೀರಿನ ವಿಷಯದಲ್ಲಿ ಅತ್ತೆ ಯಾವತ್ತೂ ಹಾಗೇ. ಚಾಳಿನಲ್ಲಿ ಬೆಳಗಾಗುವ ಮೊದಲೇ ನಲ್ಲಿ ಬರುತ್ತಿತ್ತು, ಎದ್ದು ಡ್ರಮ್ಮು ತುಂಬಿಸುವವರು ಅವರೇ. ಒಂದು ಗುಟುಕು ಕುಡಿದು ಮುಖ ಹಿಂಡುತ್ತಿದ್ದರು. "ಇದು ನೀರಾ? ಮದ್ದಿನ ವಾಸನೆ. ನಮ್ಮಲ್ಲಿನ ಬಾವಿ ನೀರು ನೀನು ಕುಡಿಬೇಕು." ನಮ್ಮಲ್ಲಿ ಎಂದರೆ ಗಂಡನ ಮನೆಯಲ್ಲ, ಅವರ ತವರು. ಉಡುಪಿಯ ಕಡೆ, ರಸ್ತೆ ಬದಿಯ ಒಂದು ಹಂಚಿನ ಮನೆ. ಒಮ್ಮೆ ಹೋಗಿ ಆ ಬಾವಿಯ ನೀರು ಹೊಟ್ಟೆ ತುಂಬ ಕುಡಿದು ಬರಬೇಕು, ಅವರಿಗಿದ್ದದ್ದು ಅದೊಂದೇ ಆಸೆ. ಪ್ರತಿ ಬೇಸಿಗೆಯಲ್ಲೂ ಹೊರಡುವ ಮಾತು. ಒಂದು ವರ್ಷ ಮಗಳಿಗೆ ಮೈತುಂಬ ಗುಳ್ಳೆಯೆದ್ದು ಅಮ್ಮ ಆಯಿತು. ಒಂದು ವರ್ಷ ಇವರಿಗೆ ರಜೆ ಸಿಗಲಿಲ್ಲ. ಆಮೇಲೆ ಅತ್ತೆಯ ಮಂಡಿ. "ಬಾವಿ ಎಲ್ಲಿಗೆ ಓಡಿ ಹೋಗ್ತದೆ, ಮುಂದಿನ ವರ್ಷ ಹೋಗುವ," ಎಂದು ಅವರೇ ನಮಗೆ ಸಮಾಧಾನ ಹೇಳುತ್ತಿದ್ದರು.

ಬಾವಿಯೂ ಹೋಯಿತು ನೋಡಿ. ರಸ್ತೆ ಅಗಲ ಮಾಡುವಾಗ ಮನೆ ಅದರೊಳಗೆ ಸೇರಿತು. ಅವರ ತಮ್ಮ ಫೋನು ಮಾಡಿದಾಗ ಎತ್ತಿದ್ದು ನಾನು, ಅತ್ತೆಯ ಕೈಗೆ ಕೊಟ್ಟೆ. ತಮ್ಮನ ಮಾತು ನನಗೂ ಕೇಳಿಸುತ್ತಿತ್ತು. ಮನೆ ಕೆಡವಿದರಂತೆ, ತಾನು ಮಂಗಳೂರಿನಲ್ಲಿ ಫ್ಲ್ಯಾಟಿಗೆ ಹೋದನಂತೆ. ಅತ್ತೆ ಅಳಲಿಲ್ಲ, ಕೂಗಾಡಲಿಲ್ಲ.

"ಬಾವಿ?" ಎಂದು ಕೇಳಿದರು.

"ಮುಚ್ಚಿದ್ರು ಅಕ್ಕಾ. ಮಣ್ಣು ತುಂಬಿಸಿದ್ರು."

ಅತ್ತೆ ಫೋನನ್ನು ನನಗೆ ಕೊಟ್ಟು ಚಿತ್ರದ ಎದುರು ಹೋಗಿ ಕೂತರು. ಆ ಮನೆಯದ್ದೊಂದು ಫೋಟೋ ಕೂಡ ನಮ್ಮಲ್ಲಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು. ಅವರ ತುಳುವಿಗೆ ಸರಿಯಾಗಿ ಉತ್ತರ ಕೊಡಲು ಬಾರದ ಸೊಸೆ ನಾನು, ನಮ್ಮಿಬ್ಬರ ಮಾತು ಕನ್ನಡದಲ್ಲೇ. ಆ ದಿನ ಅವರು ತಮ್ಮಷ್ಟಕ್ಕೆ ತುಳುವಿನಲ್ಲಿ ಗೊಣಗಿಕೊಂಡದ್ದು ನನಗೆ ಅರ್ಧವೂ ತಿಳಿಯಲಿಲ್ಲ.  ನಾನು ಅವರ ಪಕ್ಕದಲ್ಲಿ ಕೂತು ಬೀನ್ಸ್ ಕತ್ತರಿಸಿದೆ.

ಮರುದಿನ ಬೆಳಿಗ್ಗೆ ಡ್ರಮ್ಮು ತುಂಬಿಸಿ ಬಂದವರು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನನ್ನನ್ನು ಎಬ್ಬಿಸಿದರು. ಮುಖ ಬಾಡಿತ್ತು, ಆದರೆ ಕಣ್ಣು ಹೊಳೆಯುತ್ತಿತ್ತು.

"ಗೊತ್ತಾಯ್ತು ಮಾರಾಯ್ತಿ, ಇವಳು ಎಲ್ಲಿಗೆ ಹೊರಟದ್ದು ಅಂತ."

"ಎಲ್ಲಿಗೆ ಅತ್ತೆ?"

"ನಮ್ಮ ಹತ್ರ. ನಾವು ಬಂದದ್ದು ಅವಳಿಗೆ ಕಂಡಿದೆ. ಊರಲ್ಲಿ ಬಂದವರಿಗೆ ಮೊದಲು ಕಾಲಿಗೆ ನೀರು, ಆಮೇಲೆ ಬೆಲ್ಲ ನೀರು, ಮಾತೆಲ್ಲ ಆಮೇಲೆ. ನಾನು ಇಷ್ಟು ದಿನ ಜಗಲಿಯಲ್ಲಿ ನಿಂತವಳ ಹಾಗೆ ಅವಳನ್ನು ನೋಡ್ತಾ ಇದ್ದೆ. ನಾನೆಲ್ಲಿ ಜಗಲಿಯಲ್ಲಿದ್ದೇನೆ? ನಾನು ದಾರಿಯಲ್ಲಲ್ವಾ ಇರುದು?"

 ಮಾತು ಹಗುರ ಮಾಡಲೆಂದು, "ಅದಕ್ಕೆ ಒಂದು ಚೆಂಬು ಸಾಕಲ್ಲ ಅತ್ತೆ, ಅಷ್ಟು ದೊಡ್ಡ ಕೊಡ ಯಾಕೆ?" ಎಂದೆ.

"ನಾನು ಹೊರಟು ಎಷ್ಟು ವರ್ಷ ಆಯ್ತು! ಚೆಂಬು ಸಾಕಾಗ್ತದಾ?" ಎಂದರು.

ಆಮೇಲೆ ಪ್ರತಿ ಬೆಳಿಗ್ಗೆ ನಲ್ಲಿಯ ಕೆಲಸ ಮುಗಿಸಿ ಒಳಗೆ ಬರುವಾಗ ಚಿತ್ರದವಳಿಗೆ ಒಂದು ಮಾತು ಹೇಳುವುದು ಅವರಿಗೆ ರೂಢಿಯಾಯಿತು. "ಬಂದೆ ಮಾರಾಯ್ತಿ, ಕೊಡ ಇಳಿಸು, ಸೊಂಟ ನೋಯ್ತದೆ ನಿಂಗೆ." ಮಗಳು ಬೆಳೆದದ್ದೇ ಆ ವಾಕ್ಯ ಕೇಳಿಕೊಂಡು. ನಾವು ದಹಿಸರ್‌ಗೆ ಬಂದೆವು, ಚಿತ್ರವೂ ಟೆಂಪೋದಲ್ಲಿ ಬಂತು. ಇಲ್ಲಿ ನೀರಿಗೆ ಬೆಳಗಿನ ಜಾವ ಏಳಬೇಕಿರಲಿಲ್ಲ, ಆದರೂ ಅತ್ತೆ ಏಳುತ್ತಿದ್ದರು, ಹೇಳುತ್ತಿದ್ದರು. ಮತ್ತೆ ಊರಿಗೆ ಹೋಗುವ ಮಾತು ಎತ್ತಲಿಲ್ಲ. ಇದೇ ಹಾಲಿನಲ್ಲಿ, ಆ ಗೋಡೆಯ ಎದುರಿನ ದಿವಾನದ ಮೇಲೆ, ಒಂದು ಮಳೆಗಾಲ ಹೋಗಿಬಿಟ್ಟರು. ಕೊನೆಗೆ ಬಾಯಿಗೆ ಬಿಟ್ಟದ್ದು ದಹಿಸರ್‌ನ ನಲ್ಲಿ ನೀರು. ಅದು ನೆನಪಾದರೆ ನನಗೆ ಈಗಲೂ ಸಂಕಟವಾಗುತ್ತದೆ.

ಸರಿ, ಬಣ್ಣದ ವಿಷಯಕ್ಕೆ ಬರುತ್ತೇನೆ. ನಿನ್ನೆ ಸಂಜೆ ಹಾಲಿನ ಕೆಲಸ ಮುಗಿಯಿತು. ದಿವಾನ ತನ್ನ ಜಾಗಕ್ಕೆ ಬಂತು, ಗೋಡೆ ಬೆಳ್ಳಗೆ ನಿಂತಿತು. ನಾನು ಒಂದು ಲೋಟ ಚಹಾ ಹಿಡಿದು ಕೂತೆ. ಕೂತು ನೋಡುವುದಕ್ಕೆ ಎದುರಿಗೆ ಏನೂ ಇಲ್ಲ. ನನಗೇನಾಗಬೇಕು ಅದರಿಂದ, ನನಗೆ ಊರೇ ಇಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಚಹಾ ಆರಿತು.

ಅಷ್ಟರಲ್ಲಿ ಮಗಳು ಬಂದಳು. ಲೋಕಲ್ ಟ್ರೇನಿನ ನೂಕುನುಗ್ಗಲಿನಲ್ಲಿ ಕೂದಲು ಕೆದರಿ, ಬೆವರಿ, ಬ್ಯಾಗನ್ನು ಎದೆಗೆ ಅಪ್ಪಿಕೊಂಡು. ಚಪ್ಪಲಿ ಬಿಡುತ್ತಾ ತಲೆ ಎತ್ತಿ ಗೋಡೆ ನೋಡಿದವಳು, ಒಂದು ಕಾಲಿನ ಚಪ್ಪಲಿ ಹಾಗೇ ಇರಲು, ಬಾಗಿಲಲ್ಲೇ ನಿಂತಳು.

"ಅಮ್ಮಾ, ಅವಳೆಲ್ಲಿ?"

"ಯಾರು?"

"ಅಜ್ಜಿಯ ಪಾನಿವಾಲಿ, ಕೊಡದವಳು."

"ನೀನೇ ಹೇಳಿದ್ದಲ್ಲ, ಬಿಳಿ ಗೋಡೆ ಮಸ್ತ್ ಅಂತ."

"ಹೇಳಿದೆ ಯಾರ್... ಬಟ್ ಈಗ ಘರ್ ಜೈಸಾ ಅನ್ನಿಸ್ತಾ ಇಲ್ಲ," ಎಂದಳು. ಎಲ್ಲ ಭಾಷೆಗಳನ್ನೂ ಬೆರೆಸಿ ಮಾತಾಡುವ ಹುಡುಗಿ, ಮನೆ ಮನೆಯ ಹಾಗಿಲ್ಲ ಎಂಬ ಆ ಮಾತು ಹೇಳುವಾಗ ಅಳುಮೋರೆ ಮಾಡಿಕೊಂಡಿದ್ದಳು.

ಕಪಾಟಿನ ಹಿಂದಿನಿಂದ ಇಬ್ಬರೂ ಸೇರಿ ಎಳೆದೆವು. ಹಸಿ ಬಣ್ಣದ ಗೋಡೆಗೆ ಮೊಳೆ ಹೊಡೆಯುತ್ತೀರಾ ಎಂದು ಇವರು ಬಾಲ್ಕನಿಯಿಂದಲೇ ರೇಗಿದರು, ಆಮೇಲೆ ತಾವೇ ಸುತ್ತಿಗೆ ತಂದುಕೊಟ್ಟರು. ಚಿತ್ರ ಸ್ವಲ್ಪ ಸೊಟ್ಟಗೆ ಕೂತಿದೆ, ಇರಲಿ ಬಿಡಿ. ನಾನು ದಿವಾನದ ಮೇಲೆ, ಅತ್ತೆ ಕೂರುತ್ತಿದ್ದ ತುದಿಯಲ್ಲಿ ಕೂತು ನೋಡಿದೆ. ಅದೇ ಹಂಚಿನ ಮನೆ, ಅದೇ ಬೋಳು ಬಿದ್ದ ಆಕಾಶ, ಅದೇ ಬಾಲವಿಲ್ಲದ ದನ. ಆದರೆ ಆ ಮನೆಯ ಕತ್ತಲೆ ಬಾಗಿಲೊಳಗೆ ನನಗೆ ಕಂಡದ್ದು ಊರಲ್ಲ. ವಡಾಲದ ನಮ್ಮ ಒಂದೇ ಕೋಣೆ ಕಂಡಿತು. ಕೈಯೆಲ್ಲ ಹುಣಸೆಹುಳಿ ಮೆತ್ತಿಕೊಂಡ ಅತ್ತೆ, ತುಂಬುತ್ತಿರುವ ಡ್ರಮ್ಮಿನ ಸದ್ದು, ಎಳೆ ಹಲ್ಲು ತೋರಿಸಿ ನಗುವ ಮಗಳು, ಬೀನ್ಸ್ ಕತ್ತರಿಸುತ್ತಾ ಕೂತ ನಾನು. ಆ ಚಾಳೂ ಈಗ ಇಲ್ಲ, ಅಲ್ಲೊಂದು ಟವರ್ ಎದ್ದಿದೆ. ಅಲ್ಲಿಗೆ ಒಮ್ಮೆ ಹೋಗಬೇಕು, ಆ ಮದ್ದಿನ ವಾಸನೆಯ ನೀರು ಒಂದು ಲೋಟ ಕುಡಿಯಬೇಕು ಎಂದು ಎಷ್ಟು ಆಸೆಯಾಯಿತೆಂದರೆ, ಕಣ್ಣು ತುಂಬಿ ಚಿತ್ರ ಮಸುಕಾಯಿತು.

ಈ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದೆ. ಹಾಲಿಗೆ ಬಂದು, ಮಗಳು ಏಳಲಿಲ್ಲ ತಾನೇ ಎಂದು ಒಮ್ಮೆ ಹಿಂದೆ ತಿರುಗಿ ನೋಡಿ, ಮೆಲ್ಲಗೆ ಹೇಳಿದೆ:

"ಬಂದೆ ಮಾರಾಯ್ತಿ. ಕೊಡ ಇಳಿಸು."