ಅಟ್ಟದ ಮೇಲಿನ ಕಾಯಿ

“ಪೂಜೆಗೆ ಹೊತ್ತಾಯ್ತು. ಗುಡಿಗೆ ನಡಿಯವ್ವ.”

ಅತ್ತೆ ಚೌರಮ್ಮ ನನ್ನೊಡನೆ ಆಡಿದ ಮೊದಲ ಮಾತು ಇದು. ಮಂಗಳೂರಿನ ನಮ್ಮ ಪ್ರೊಟೆಸ್ಟೆಂಟ್ ಸಭೆಯಲ್ಲಿ ಬೆಂಚಿನ ಮೇಲೆ ಕೂತು, ಹಾರ್ಮೋನಿಯಮ್ಮಿನ ಜೊತೆ ಕೀರ್ತನೆ ಹಾಡಿ ಬೆಳೆದ ನನಗೆ, ಯಾವ ದೇವರ ಗುಡಿಯೋ ಎಂದು ಗಾಬರಿಯಾಯಿತು. ಬಾಗಿಲಲ್ಲಿ ನೋಡಿದರೆ ರಂಗೋಲಿ. ಆದರೆ ಅದರ ನಡುವೆ ಶಿಲುಬೆ ಇತ್ತು, ಸದ್ಯ ಉಸಿರು ಬಂತು. ಇಲ್ಲಿಯ ಕ್ಯಾಥೊಲಿಕರು ಚರ್ಚಿಗೆ ಗುಡಿ ಎನ್ನುತ್ತಾರೆ, ಅಲ್ಲಿಯ ಆರಾಧನೆಗೆ ಪೂಜೆ, ಪಾದ್ರಿಗಳಿಗೆ ಸ್ವಾಮಿಗಳು ಎನ್ನುತ್ತಾರೆ. ಇದನ್ನು ನಮ್ಮವರು ಮೊದಲೇ ಹೇಳಬಹುದಿತ್ತು. ಮೇಷ್ಟ್ರ ಕೆಲಸ ಮಾಡುವವರು ಮನೆಯಲ್ಲಿ ಮಾತ್ರ ಏನನ್ನೂ ವಿವರಿಸುವುದಿಲ್ಲ.

ನಮ್ಮ ಸಭೆಯ ಈ ಪತ್ರಿಕೆಯ ಓದುಗರಿಗೆ ನನ್ನ ಮದುವೆಯ ವಿಷಯ ಗೊತ್ತೇ ಇದೆ, ಸಾಕಷ್ಟು ಮಾತೂ ಆಗಿದೆ. ಮಂಗಳೂರಿಗೆ ಮೇಷ್ಟ್ರ ತರಬೇತಿಗೆ ಬಂದಿದ್ದ ಘಟ್ಟದ ಮೇಲಿನ ಕ್ಯಾಥೊಲಿಕ್ ಹುಡುಗನನ್ನು ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದೆ. ಎರಡೂ ಮನೆಯವರು ಬರಲಿಲ್ಲ. ನಾನು ಬಸುರಿಯಾದ ಮೇಲೆ ನನ್ನ ಅಪ್ಪ ಕರಗಿದರು. ಚೊಚ್ಚಲ ಹೆರಿಗೆ ನಮ್ಮ ಮನೆಯಲ್ಲಿ, ದೀಕ್ಷಾಸ್ನಾನ ನಮ್ಮ ಸಭೆಯಲ್ಲಿ ಎಂದರು. ನಾನು ಮಾತು ಕೊಟ್ಟೆ. ಆಮೇಲೆ ಇವರಿಗೆ ಅರಸೀಕೆರೆಗೆ ವರ್ಗವಾಯಿತು. ಕಣಕಟ್ಟೆಯ ಕಡೆಗಿರುವ ತಮ್ಮ ಹಳ್ಳಿಯಿಂದ ಅತ್ತೆಯೂ ಹೇಳಿ ಕಳಿಸಿದರು: ಒಮ್ಮೆ ಬಂದು ಉತ್ತರ ಹೇಳಿ, ಮಗುವಿಗೆ ಜ್ಞಾನಸ್ನಾನ ನಮ್ಮ ಗುಡಿಯಲ್ಲಿ ಆಗದಿದ್ದರೆ ಮತ್ತೆ ಹೊಸಿಲು ತುಳಿಯಬೇಡಿ. ಅಪ್ಪನ ದೀಕ್ಷಾಸ್ನಾನವೂ ಅತ್ತೆಯ ಜ್ಞಾನಸ್ನಾನವೂ ಒಂದೇ ಬೊಗಸೆ ನೀರು. ಆ ನೀರನ್ನು ಹೊಟ್ಟೆಯೊಳಗಿನ ಮಗುವಿಗೆ ಎಲ್ಲಿ ಹಾಕಿಸಬೇಕೆಂದು ನಾನು ಹೇಳಬೇಕಾಗಿತ್ತು. ಇವರನ್ನು ಕೇಳಿದರೆ, ನಿನಗೆ ಬಿಟ್ಟದ್ದು ಎಂದುಬಿಟ್ಟರು. ಆ ಉತ್ತರಕ್ಕೆ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಚಾರ್ಮಾಡಿ ಘಾಟಿ ಹತ್ತಿ ಬರುವಾಗ ಬೇಲೂರಿನಲ್ಲಿ ಒಂದು ದಿನ ಇಳಿದೆವು. ನನ್ನ ಮುಖ ಬಾಡಿದ್ದನ್ನು ನೋಡಿ ಇವರು ಬಿಕ್ಕೋಡಿನ ಕಡೆ ಹೊರಟಿದ್ದ ಜೀಪು ಹತ್ತಿಸಿದರು. ಕಾಫಿ ತೋಟದೊಳಗೆ ಹಿಂದಿನ ಇಂಗ್ಲಿಷ್ ದೊರೆಗಳು ಕಟ್ಟಿಸಿದ ಹಳೆಯ ಚರ್ಚೊಂದಿದೆ, ಅದು ನಿಮ್ಮ ಪೈಕಿಯದೇ ಎಂದರು. ಹೌದು, ಕಿಟಕಿಯ ಗಾಜಿಗೆ ಹಣೆಯೊತ್ತಿ ನೋಡಿದರೆ ನಮ್ಮಲ್ಲಿರುವಂಥದೇ ಬೆಂಚುಗಳು, ಮೂಲೆಯಲ್ಲಿ ಬಟ್ಟೆ ಹೊದಿಸಿದ ಹಾರ್ಮೋನಿಯಂ. ಆದರೆ ಬಾಗಿಲಿಗೆ ಬೀಗ. ದೊರೆಗಳ ಮನೆಯವರು ಬಂದಾಗ ಮಾತ್ರ ತೆಗೆಯುವುದಂತೆ. ಮಾರನೆಯ ದಿನ ಹಳೇಬೀಡಿನಲ್ಲಿ ಬಸ್ಸು ಬದಲಿಸುವ ಮುಂಚೆ ಅಲ್ಲಿಯ ಕಲ್ಲಿನ ಗುಡಿ ತೋರಿಸಿದರು. ಗೋಡೆಯ ತುಂಬ ಸಾಲುಸಾಲು ಆನೆಗಳು, ಒಂದರಂತೆ ಇನ್ನೊಂದಿಲ್ಲ. ನಾನು ಅವುಗಳನ್ನು ನೋಡುತ್ತ, ಅತ್ತೆಗೆ ಏನು ಹೇಳಲಿ ಎಂದೇ ಯೋಚಿಸುತ್ತಿದ್ದೆ.

ಹಳ್ಳಿಯ ಗುಡಿಗೆ ಬೀಗವೇ ಇಲ್ಲ. ಇವರ ಮುತ್ತಜ್ಜಂದಿರ ಕಾಲದ್ದು, ದಪ್ಪ ಮಣ್ಣಿನ ಗೋಡೆ, ಸುಣ್ಣ ಬಳಿದು ಬಳಿದು ಮೂಲೆಗಳೆಲ್ಲ ದುಂಡಗಾಗಿವೆ. ನಾನು ಬೂಟು ಹಾಕಿಕೊಂಡೇ ಒಳಗೆ ಕಾಲಿಟ್ಟೆ. ಹೆಂಗಸರೆಲ್ಲ ನನ್ನ ಕಾಲನ್ನೇ ನೋಡಿದರು. ನಮ್ಮಲ್ಲಿ ಬರಿಗಾಲಲ್ಲಿ ಚರ್ಚಿಗೆ ಬರುವುದು ಅಸಡ್ಡೆ, ಇಲ್ಲಿ ಬೂಟು ತುಳಿದು ಬರುವುದು ಸೊಕ್ಕು. ಹೊರಗೆ ಬಿಟ್ಟು ಬಂದು ಚಾಪೆಯ ಮೇಲೆ, ಹೆಂಗಸರ ಕಡೆ ಕೂತೆ. ಪೂಜೆ ನಡೆದದ್ದು ಲ್ಯಾಟಿನ್ನಿನಲ್ಲಿ, ಒಂದಕ್ಷರ ತಿಳಿಯಲಿಲ್ಲ. ಪ್ರಸಾದ ಕೊಡುವ ಹೊತ್ತಿಗೆ ಎಲ್ಲರೂ ಎದ್ದು ಹೋದರು, ನಮ್ಮವರು ಮಾತ್ರ ಗಂಡಸರ ಕಡೆ ಒಂಟಿಯಾಗಿ ಕೂತಿದ್ದರು. ಗುಡಿಯ ಹೊರಗೆ ಮದುವೆಯಾದವರಿಗೆ ಪ್ರಸಾದವಿಲ್ಲ. ಅತ್ತೆ ಮಗನನ್ನು ಒಮ್ಮೆ ನೋಡಿ ತಲೆ ತಗ್ಗಿಸಿದರು. ನನಗೆ ಅವಮಾನ, ಸಿಟ್ಟು, ಕನಿಕರ ಎಲ್ಲ ಒಟ್ಟಿಗೆ ಬಂದವು. ಅಳು ತಡೆಯಲು ತಲೆಯೆತ್ತಿದೆ. ಮಾಡಿನ ಹಂಚಿನ ಒಳಮೈಯಲ್ಲಿ ಇಂಗ್ಲಿಷಿನ ಉಬ್ಬಕ್ಷರಗಳು ಕಾಣಿಸಿದವು. ಮಂಗಳೂರು, ಮಂಗಳೂರು, ಮಂಗಳೂರು. ಅಪ್ಪ ಮೂವತ್ತು ವರ್ಷ ದುಡಿದದ್ದು ಹಂಚಿನ ಕಾರ್ಖಾನೆಯಲ್ಲಿ. ಅವರೇ ತಲೆಯ ಮೇಲೆ ನಿಂತು, ಕೊಟ್ಟ ಮಾತು ನೆನಪಿದೆಯೇ ಎಂದು ಕೇಳಿದ ಹಾಗಾಯಿತು.

ಹೊರಗೆ ಬಂದ ಮೇಲೆ ಅತ್ತೆ, ಮುಂದಿನ ಭಾನುವಾರದೊಳಗೆ ಸ್ವಾಮಿಗಳಿಗೆ ಉತ್ತರ ಹೇಳಬೇಕು ಎಂದರು. ನಾನು ಒಪ್ಪಿದರೆ ಅವರು ನಮ್ಮ ಮದುವೆಯನ್ನೂ ಆಶೀರ್ವದಿಸುತ್ತಾರಂತೆ.

ಆ ವಾರ ಅತ್ತೆಗೂ ನನಗೂ ನಡುವೆ ಊಟದ ಮಾತು ಬಿಟ್ಟು ಬೇರೆ ಮಾತಿಲ್ಲ. ಊಟವೆಂದರೆ ಮುದ್ದೆ, ಹುರುಳಿ ಸಾರು, ಮತ್ತೆ ಮುದ್ದೆ, ಉಪ್ಪುಸಾರು. ಕುಚ್ಚಲಕ್ಕಿ ಅನ್ನಕ್ಕೂ ಬಂಗುಡೆ ಸಾರಿಗೂ ನಾಲಿಗೆ ಹಾತೊರೆಯುತ್ತಿತ್ತು. ಎಲ್ಲಕ್ಕಿಂತ ಸೋಜಿಗವೆಂದರೆ, ತೋಟದ ತುಂಬ ತೆಂಗು, ಸಾರಿಗೆ ಮಾತ್ರ ಒಂದು ಹೋಳು ಕಾಯಿಯಿಲ್ಲ. ನಮ್ಮಲ್ಲಿ ಕಾಯಿ ಅರೆಯದೆ ಒಲೆ ಹಚ್ಚುವವರುಂಟೇ?

ಗುರುವಾರ ಎಲ್ಲರೂ ರಾಗಿ ಕೊಯ್ಲಿಗೆ ಹೋದರು. ಅತ್ತೆಯನ್ನು ಊಟದಲ್ಲಾದರೂ ಒಲಿಸಿಕೊಳ್ಳೋಣವೆಂದು ಅವರೆಕಾಳಿನ ಗಸಿ ಮಾಡಲು ಹೊರಟೆ. ಗಸಿಯೆಂದರೆ ಕಾಯಿ, ಮೆಣಸು ನುಣ್ಣಗೆ ಅರೆದು ಕುದಿಸುವ ನಮ್ಮ ಕಡೆಯ ಗಟ್ಟಿ ಸಾರು. ಕಾಯಿ ಹುಡುಕಿದರೆ ಅಡುಗೆಮನೆಯಲ್ಲಿಲ್ಲ. ಅಟ್ಟದ ಮೇಲೆ ಕಾಯಿಯ ರಾಶಿ, ಒಂದು ಮೂಲೆಯಲ್ಲಿ ಮಾತ್ರ ಸಾಲಾಗಿ ಜೋಡಿಸಿಟ್ಟಿದ್ದರು. ಏಣಿ ಹತ್ತಿ ಆ ಸಾಲಿನಿಂದ ಒಂದನ್ನು ತಂದು, ಸುಲಿದು ಒಡೆದೆ. ನೀರಿಲ್ಲ. ತಿರುಳು ಕರಟ ಬಿಟ್ಟು ಅರ್ಧ ಒಣಗಿತ್ತು. ಹಾಳಾಗಿದೆಯೆಂದು ಇನ್ನೊಂದು ತಂದೆ. ಅದೂ ಹಾಗೆಯೇ. ಹೀಗೆ ನಾಲ್ಕು ಒಡೆದೆ. ಎಲ್ಲವನ್ನೂ ತಿಪ್ಪೆಗೆ ಎಸೆದು, ಮನೆ ನಿಭಾಯಿಸಲು ಬಾರದವರೆಂದು ಅತ್ತೆಯನ್ನೇ ಮನಸ್ಸಿನಲ್ಲಿ ಬೈದುಕೊಂಡು, ಗಸಿಯ ಆಸೆ ಬಿಟ್ಟೆ.

ಮಧ್ಯಾಹ್ನ ಅತ್ತೆ ಬಂದರು. ಹಿತ್ತಲಿಗೆ ಹೋದವರು ಕೈಯಲ್ಲಿ ಒಡೆದ ಕಾಯಿ ಹಿಡಿದು ಬಂದರು. ಅಟ್ಟ ನೋಡಿದರು, ಏಣಿ ನೋಡಿದರು.

“ಈ ಹೊಟ್ಟೆ ಇಟ್ಕೊಂಡು ಏಣಿ ಹತ್ತಿದ್ಯಾ?”

ನಾನು ತಲೆಯಾಡಿಸಿ, ಕಾಯಿ ಹಾಳಾಗಿತ್ತಲ್ಲ, ನೀರೇ ಇರಲಿಲ್ಲ ಎಂದೆ. ಅವರು ಹೊರಗಿನ ಜಗಲಿಗೆ ಹೋಗಿ ಕೂತರು. ಅಂದು ಊಟ ಮಾಡಲಿಲ್ಲ. ಶುಕ್ರವಾರ ನನ್ನ ಮುಖ ನೋಡಲಿಲ್ಲ.

ವಿಷಯ ತಿಳಿಸಿದವರು ನಮ್ಮವರು. ಈ ಸೀಮೆಯಲ್ಲಿ ಬಲಿತ ಕಾಯನ್ನು ಸುಲಿಯದೆ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಮುಟ್ಟದೆ ಇಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಬಿಡಿಸಿಕೊಂಡು ಇಡೀ ಉಂಡೆಯಾಗಿ, ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಅದೇ ಗಿಟಕು ಕೊಬ್ಬರಿ, ಮಾರಿ ಬದುಕುವುದು ಅದರಿಂದಲೇ, ಸಾರಿಗೆಂದು ಕಾಯಿ ಒಡೆಯುವುದಿಲ್ಲ. ಆ ಮೂಲೆಯ ಹನ್ನೆರಡು ಕಾಯಿ ಮಾತ್ರ ಮಾರುವುದಕ್ಕಲ್ಲ, ಗುಡಿಗೆ ಹರಕೆ. ನಮ್ಮ ಮದುವೆಗೆ ಬಾರದೆ ಮನೆಯಲ್ಲೇ ಕೂತ ತಾಯಿ, ಅದೇ ದಿನ ಅಟ್ಟ ಹತ್ತಿ ಅವನ್ನು ಇಟ್ಟಿದ್ದರಂತೆ. ನನ್ನ ಮಡಿಲು ತುಂಬಲಿ, ಕೂಸು ಸುಖವಾಗಿ ಹುಟ್ಟಲಿ ಎಂದು.

ನನ್ನ ಮಗುವಿನ ಹರಕೆಯನ್ನು ನನ್ನ ಕೈಯಾರೆ ಒಡೆದು ತಿಪ್ಪೆಗೆ ಹಾಕಿದ್ದೆ. ಹರಕೆಯನ್ನು ನಂಬದ ಸಭೆಯಲ್ಲಿ ಬೆಳೆದವಳು ನಾನು. ಆದರೂ ಹೆದರಿದೆ.

ಭಾನುವಾರ ಪೂಜೆ ಮುಗಿದ ಮೇಲೆ ಗುಡಿ ಖಾಲಿಯಾಯಿತು. ಅತ್ತೆ ಉಳಿದ ಎಂಟು ಕಾಯಿಗಳನ್ನು ಮಂಕರಿಯಲ್ಲಿ ತಂದು ಸ್ವಾಮಿಗಳ ಮುಂದಿಟ್ಟರು. ಏನು ತೀರ್ಮಾನವಾಯಿತು ಎಂದು ಸ್ವಾಮಿಗಳು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯೇ ಹೇಳಿದರು.

“ಹನ್ನೆರಡು ಅಂತ ಬೇಡ್ಕಂಡಿದ್ದೆ ಸ್ವಾಮಿ, ಎಂಟೇ ಐತೆ. ನನ್ ಹರಕೆ ಕಡ್ಮೆ ಬಿತ್ತು, ಇನ್ ನಾನು ಕೇಳೋ ಹಂಗಿಲ್ಲ. ಕೂಸು ಅವ್ಳದು. ಎಲ್ಲಿ ಅಂದ್ರೆ ಅಲ್ಲಿ ಮಾಡಿಸ್ಕೊಳ್ಲಿ. ನಾನು ಬಾಗ್ಲು ಹಾಕಾಕಿಲ್ಲ.”

ವಾರವಿಡೀ ಅವರೊಡನೆ ಜಗಳವಾಡಲು ನಾನು ಮಾತು ಜೋಡಿಸಿಟ್ಟುಕೊಂಡಿದ್ದೆ. ಯಾವುದೂ ಕೆಲಸಕ್ಕೆ ಬರಲಿಲ್ಲ. ನಮ್ಮವರು ಗೋಡೆ ನೋಡುತ್ತಿದ್ದರು. ನಾನು ತಲೆಯೆತ್ತಿ ಹಂಚು ನೋಡಿದೆ, ಅಪ್ಪನ ಮುಖ ಕಣ್ಣಿಗೆ ಬಂತು. ಬೇಡ ಎನ್ನಲು ಈಗ ಯಾರ ಅಡ್ಡಿಯೂ ಇರಲಿಲ್ಲ. ಆದರೂ ನನ್ನ ಬಾಯಿಂದ ಬಂದದ್ದು ಒಂದೇ ಮಾತು.

“ಇಲ್ಲೇ ಆಗಲಿ, ಅತ್ತೆ.”

ಅದೇ ಸಂಜೆ ಅಪ್ಪನಿಗೆ ಕಾಗದ ಬರೆದೆ. ಉತ್ತರ ಬರಲಿಲ್ಲ. ಹೆರಿಗೆಗೆ ಕರೆದೊಯ್ಯಲು ಅವರು ಬರುತ್ತಾರೆಂದು ಕೊನೆಯ ತಿಂಗಳವರೆಗೂ ಟ್ರಂಕು ಕಟ್ಟಿಟ್ಟುಕೊಂಡು ಕಾದೆ, ಬರಲಿಲ್ಲ. ಅರಸೀಕೆರೆಯ ಬಾಡಿಗೆ ಮನೆಯಲ್ಲೇ ಹೆತ್ತೆ. ಬಾಣಂತನ ಮಾಡಿದವರು ಚೌರಮ್ಮ. ನನ್ನ ಸಾರಿಗೆಂದು ದಿನಾ ಒಂದು ಹೋಳು ಕಾಯಿ ತಾವೇ ಅರೆದು ಹಾಕುತ್ತಿದ್ದರು, ಅವರು ಮಾತ್ರ ಅದನ್ನು ಮುಟ್ಟುತ್ತಿರಲಿಲ್ಲ.

ಅಪ್ಪಾ, ಕಾಗದ ಒಡೆದು ನೋಡಿದಿರೋ ಇಲ್ಲವೋ ತಿಳಿಯದು. ಆದರೆ ಈ ಪತ್ರಿಕೆಯನ್ನು ನೀವು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತೀರಿ, ಅದಕ್ಕೇ ಇಲ್ಲಿ ಬರೆದಿದ್ದೇನೆ. ಮಗು ಗಂಡು, ನಿಮ್ಮ ಹಾಗೆಯೇ ಹುಬ್ಬು ಗಂಟಿಕ್ಕುತ್ತಾನೆ. ನಾನು ಅವನಿಗೆ ಕೀರ್ತನೆ ಹಾಡಿ ಮಲಗಿಸುತ್ತೇನೆ, ಅತ್ತೆ ಜಪಸರ ಹಿಡಿದು ಪಕ್ಕದಲ್ಲಿ ಕೂತಿರುತ್ತಾರೆ. ಕೊಟ್ಟ ಮಾತು ಮುರಿದದ್ದು ನನಗೆ ಇವತ್ತಿಗೂ ನೋಯುತ್ತದೆ. ಇನ್ನೊಮ್ಮೆ ಕೇಳಿದರೂ ಅದೇ ಉತ್ತರ ಹೇಳುತ್ತೇನೆ.

ಮೊನ್ನೆ ಹಳ್ಳಿಗೆ ಹೋದಾಗ ಅಟ್ಟದ ಆ ಮೂಲೆಯಲ್ಲಿ ಮತ್ತೆ ಹನ್ನೆರಡು ಕಾಯಿ ಕಂಡವು. ಇದು ಯಾರ ಹರಕೆ ಎಂದು ಕೇಳಿದೆ. ಅತ್ತೆ ರಾಗಿ ಕೇರುತ್ತಲೇ ಹೇಳಿದರು.

“ನಿಮ್ಮಪ್ಪಂದು. ಅವ್ರು ಬರ್ಲಿ ಅಂತ.”

ಆಮೇಲೆ ಮೊರ ಕೆಳಗಿಟ್ಟು, ಏಣಿ ಹತ್ತಿ, ಒಂದು ಕಾಯಿ ತಂದು ನನ್ನ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು. ಒಳಗೆ ಇನ್ನೂ ನೀರಿನ ಸದ್ದೇ ಇತ್ತು.